ಎಷ್ಟು ಭೂಮಿ ಬೇಕು? ಸೂಪರ್‌ಹೀರೋ ಕಾಮಿಕ್ಸ್‌ಗೆ ಸಮಾನಾಂತರ ಲೋಕ ಆರಿಸುವ ಮುಂಚೆ

ಸೂಪರ್‌ಹೀರೋ ಕಥೆ ಬರೆಯೋಕೆ ಕೂತವರಿಗೆಲ್ಲ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಇನ್ನೊಂದು ಲೋಕ ಇಟ್ಟುಬಿಡೋಣ, ಅಲ್ಲಿ ನಮ್ಮ ಹೀರೋನೇ ಖಳನಾಯಕ ಆಗಿರಲಿ ಅಂತ. ಆಸೆಯಲ್ಲೇನೂ ತಪ್ಪಿಲ್ಲ. ಆದರೆ ಆ ಲೋಕಕ್ಕೆ ಏನು ನಿಯಮ ಅಂತ ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಹತ್ತನೇ ಸಂಚಿಕೆ ಹೊತ್ತಿಗೆ ಕಥೆ ಗೋಜಲಾಗುತ್ತದೆ. ಅಮೆರಿಕದ ಕಾಮಿಕ್ಸ್ ಕಂಪನಿಗಳಾದ ಡಿಸಿ ಮತ್ತು ಮಾರ್ವೆಲ್ ಅರವತ್ತು ವರ್ಷಕ್ಕೂ ಮೇಲಿಂದ ಈ ಗೋಜಲನ್ನು ಮಾಡುತ್ತಾ, ಬಿಡಿಸುತ್ತಾ ಬಂದಿವೆ. ಅವರು ಮಾಡಿ ನೋಡಿದ್ದು ನಮಗೆ ಪುಕ್ಕಟೆ ಪಾಠ.

ಯಾವ ಬಗೆಯನ್ನಾದರೂ ತೂಗಿ ನೋಡೋಕೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಲೋಕದಿಂದ ಲೋಕಕ್ಕೆ ಹೋಗೋದು ಎಷ್ಟು ಸಲೀಸು? ಹೊಸ ಓದುಗ ಎಷ್ಟು ಕಲಿತುಕೊಂಡು ಬರಬೇಕು? ಅಲ್ಲಿ ಸತ್ತವರು ಸತ್ತೇ ಇರುತ್ತಾರಾ? ಮೂರನೆಯದಕ್ಕೆ "ಇಲ್ಲ" ಅನ್ನೋ ಉತ್ತರ ಬಂದರೆ ಉಳಿದ ಎರಡರಲ್ಲಿ ಎಷ್ಟು ಅಂಕ ಬಂದರೂ ನನಗೆ ಅದು ಬೇಡ.

ನಂಬರ್ ಹಾಕಿದ ಭೂಮಿಗಳು

ಶುರುವಾಗಿದ್ದು 1961ರಲ್ಲಿ, ಡಿಸಿಯ 'ದ ಫ್ಲ್ಯಾಶ್' 123ನೇ ಸಂಚಿಕೆಯಿಂದ ಅನ್ನಬಹುದು. ಬರೆದವರು ಗಾರ್ಡನರ್ ಫಾಕ್ಸ್, ಚಿತ್ರ ಕಾರ್ಮೈನ್ ಇನ್‌ಫ್ಯಾಂಟಿನೋ. ಮಿಂಚಿನ ವೇಗದ ಹೀರೋ ಬ್ಯಾರಿ ಅಲೆನ್ ಮಕ್ಕಳ ಮುಂದೆ ಫ್ಲ್ಯಾಶ್ ವೇಷದಲ್ಲಿ ಆಟ ತೋರಿಸುತ್ತಿರುತ್ತಾನೆ. ಹಗ್ಗವನ್ನು ಮೇಲಕ್ಕೆಸೆದು ಹತ್ತಿ ಮಾಯವಾಗುವ, ನಮ್ಮ ದೇಶದ ಹೆಸರಲ್ಲೇ ಓಡಾಡುವ ಆ ಹಳೇ ಜಾದೂ! ಮೈಯನ್ನು ಜೋರಾಗಿ ಕಂಪಿಸಿ ಅವನು ನಿಜಕ್ಕೂ ಮಾಯವಾಗುತ್ತಾನೆ, ಬೇರೆ ಊರಲ್ಲಿ ಕಣ್ಣು ಬಿಡುತ್ತಾನೆ. ಅಲ್ಲಿ ಜೇ ಗ್ಯಾರಿಕ್ ಇದ್ದಾನೆ. ಬ್ಯಾರಿ ಚಿಕ್ಕವನಿದ್ದಾಗ ಕಾಮಿಕ್ಸ್‌ನಲ್ಲಿ ಓದಿ ಮೆಚ್ಚಿದ್ದ ಹಳೇ ಫ್ಲ್ಯಾಶ್ ಅವನು. ಎರಡು ಭೂಮಿಗಳೂ ಇರೋದು ಒಂದೇ ಜಾಗದಲ್ಲಿ, ಕಂಪನ ಮಾತ್ರ ಬೇರೆ ಬೇರೆ ಅನ್ನೋದು ಅಲ್ಲಿ ಕೊಟ್ಟ ವಿವರಣೆ. ವಿಜ್ಞಾನ ಅಂತ ನೋಡಿದರೆ ಗಾಳಿಮಾತು. ಕಥೆಗೆ ಮಾತ್ರ ಸಾಕಾದಷ್ಟು ಸರಳ.

ಇಲ್ಲಿ ಗಮನಿಸಬೇಕಾದ್ದು ಈ ಲೋಕ ಹುಟ್ಟಿದ ಕಾರಣ. 1940ರಲ್ಲಿ ಶುರುವಾದ ಜೇಯ ಸ್ವಂತ ಕಥೆಗಳು 1949ಕ್ಕೆ ನಿಂತುಹೋಗಿದ್ದವು. 1956ರಲ್ಲಿ ಅದೇ ಹೆಸರಿಗೆ ಬ್ಯಾರಿ ಬಂದ. ಹಾಗಾದರೆ ಹಳಬ ಎಲ್ಲಿಗೆ ಹೋದ? ಆ ಪ್ರಶ್ನೆಗೆ ಉತ್ತರವಾಗಿ ಎರಡನೇ ಭೂಮಿ ಬಂತು. ಅಂದರೆ ಅದಕ್ಕೊಂದು ಕೆಲಸ ಇತ್ತು. 1963ರಿಂದ ಡಿಸಿ ಹೀರೋಗಳ ತಂಡ ಜಸ್ಟಿಸ್ ಲೀಗ್ ಮತ್ತು ಹಳೇ ತಲೆಮಾರಿನ ಜಸ್ಟಿಸ್ ಸೊಸೈಟಿ ವರ್ಷಕ್ಕೊಮ್ಮೆ ಸೇರುವ ಪದ್ಧತಿ ಬೆಳೆಯಿತು. ದೂರದೂರಿನ ದೊಡ್ಡಪ್ಪನ ಮನೆಗೆ ಬೇಸಿಗೆ ರಜೆಯಲ್ಲಿ ಹೋಗುವ ಹಾಗೆ. ವರ್ಷವಿಡೀ ಓಡಾಟ ಇಲ್ಲ. ಅದಕ್ಕೇ ಹೋದಾಗ ಖುಷಿ.

ಈ ವ್ಯವಸ್ಥೆಯ ನಿಜವಾದ ಲಾಭ ಕಂಡಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮೊದಲನೇ ಭೂಮಿಯ, ಅಂದರೆ ಮುಖ್ಯ ಕಥೆಯ, ಬ್ಯಾಟ್‌ಮನ್‌ಗೆ ವಯಸ್ಸಾಗೋ ಹಾಗಿಲ್ಲ, ಮದುವೆ ಆಗೋ ಹಾಗಿಲ್ಲ, ಸಾಯೋ ಹಾಗಂತೂ ಇಲ್ಲವೇ ಇಲ್ಲ. ಅವನಿಂದ ಕಂಪನಿಯ ಹೊಟ್ಟೆ ತುಂಬಬೇಕಲ್ವಾ. ಎರಡನೇ ಭೂಮಿಯ ಬ್ಯಾಟ್‌ಮನ್‌ಗೆ ಆ ಕಟ್ಟು ಇರಲಿಲ್ಲ. ಅವನು ಕ್ಯಾಟ್‌ವುಮನ್‌ನ ಮದುವೆಯಾದ. ಮಗಳು ಹೆಲೆನಾ ವೇನ್ 1977ರಲ್ಲಿ ಹಂಟ್ರೆಸ್ ಅನ್ನೋ ಸೂಪರ್‌ಹೀರೋ ಆಗಿ ಬಂದಳು. 1979ರಲ್ಲಿ ಅಪ್ಪ ಸತ್ತ. ಮುಂದೆ ಡಿಸಿಯ ಲೋಕಗಳೆಲ್ಲ ಕಲಸಿಹೋಗುವವರೆಗೂ ಸತ್ತೇ ಇದ್ದ. ಸಮಾನಾಂತರ ಲೋಕ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಇದನ್ನೇ. ಮುಖ್ಯ ಕಥೆಯಲ್ಲಿ ಆಗಬಾರದ್ದು ಇಲ್ಲಿ ಆಗಬಹುದು, ಆದ ಮೇಲೆ ಆಗಿದ್ದಾಗಿಯೇ ಉಳಿಯಬಹುದು.

ತೊಂದರೆ ಶುರುವಾಗಿದ್ದು ಭೂಮಿಗಳು ಉಗ್ರಾಣ ಆದಾಗ. 1964ರ ಮೂರನೇ ಭೂಮಿ ತಮಾಷೆಯಾಗಿತ್ತು. ಅಲ್ಲಿ ಕೊಲಂಬಸ್ ಅಮೆರಿಕದಿಂದ ಹೊರಟು ಯುರೋಪನ್ನು ಕಂಡುಹಿಡಿದಿದ್ದ, ಸೂಪರ್‌ಹೀರೋಗಳೆಲ್ಲ ಕಳ್ಳರು. 1973ರ 'ಅರ್ಥ್-ಎಕ್ಸ್'ನಲ್ಲಿ ಎರಡನೇ ಮಹಾಯುದ್ಧ ಗೆದ್ದವರು ನಾಜಿಗಳು. ಇಲ್ಲಿವರೆಗೂ ಪರವಾಗಿಲ್ಲ. ಆದರೆ ಫಾಸೆಟ್ ಕಂಪನಿಯ ಪಾತ್ರಗಳು ಕೈಗೆ ಬಂದವು, ಅವಕ್ಕೊಂದು ಭೂಮಿ. ಚಾರ್ಲ್ಟನ್ ಕಂಪನಿಯ ಪಾತ್ರಗಳು ಬಂದವು, ಅವಕ್ಕೂ ಒಂದು. ಕಥೆ ಕೇಳಿತು ಅಂತಲ್ಲ, ಆಸ್ತಿ ಪತ್ರ ಇಡೋಕೆ ಕಪಾಟು ಬೇಕಿತ್ತು ಅಂತ ಹುಟ್ಟಿದ ಲೋಕಗಳು ಇವು.

ಎಲ್ಲ ಸೇರಿಸಿ ಒಂದೇ ಭೂಮಿ

ಇಷ್ಟೆಲ್ಲ ಗೊಂದಲ ಬೇಡ, ಒಂದೇ ಭೂಮಿ ಸಾಕು ಅಂತ ಡಿಸಿ 1985ರಲ್ಲಿ ಕೈ ಹಾಕಿತು. ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಅವರ 12 ಸಂಚಿಕೆಗಳ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್'. ಕಥೆಯಾಗಿ ಅದು ಈಗಲೂ ಗಟ್ಟಿ. ಏಳನೇ ಸಂಚಿಕೆಯಲ್ಲಿ ಸೂಪರ್‌ಗರ್ಲ್ ಸಾಯುತ್ತಾಳೆ, ಎಂಟನೆಯದರಲ್ಲಿ ಬ್ಯಾರಿ ಅಲೆನ್. ಪೆರೆಜ್ ಒಂದೇ ಪುಟದಲ್ಲಿ ಎಷ್ಟು ಮುಖ ತುಂಬಿಸಿದ್ದಾರೆ ಅಂದರೆ ಬೆರಳಿಟ್ಟು ಎಣಿಸಬೇಕು.

ಆಮೇಲಿನ ಪಾಡು ನೋಡಿ. ಪವರ್ ಗರ್ಲ್ ಎರಡನೇ ಭೂಮಿಯ ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳು. ಈಗ ಎರಡನೇ ಭೂಮಿಯೇ ಇರಲಿಲ್ಲ ಅಂದರೆ ಇವಳು ಯಾರು? 1987ರಲ್ಲಿ ಅವಳನ್ನು ಅಟ್ಲಾಂಟಿಸ್‌ನ ಮಾಂತ್ರಿಕ ಆರಿಯನ್‌ನ ಮೊಮ್ಮಗಳು ಅಂದರು. ಯಾರಿಗೂ ಒಗ್ಗಲಿಲ್ಲ. 2005ರ 'ಇನ್‌ಫಿನಿಟ್ ಕ್ರೈಸಿಸ್' ಹೊತ್ತಿಗೆ, ಇಲ್ಲ, ನೀನು ಎರಡನೇ ಭೂಮಿಯವಳೇ ಅಂತ ವಾಪಸ್ ಹೇಳಬೇಕಾಯಿತು. ಹೆಲೆನಾ ವೇನ್ ಕಥೆ ಇನ್ನೂ ಕೆಟ್ಟದು. ಅವಳನ್ನು ಅಳಿಸಿ, 1989ರಲ್ಲಿ ಅದೇ ಹಂಟ್ರೆಸ್ ಹೆಸರನ್ನು ಮಾಫಿಯಾ ಮನೆತನದ ಹೆಲೆನಾ ಬರ್ಟಿನೆಲ್ಲಿಗೆ ಕೊಟ್ಟರು. ಹೊಸಬಳು ಒಳ್ಳೆಯ ಪಾತ್ರವೇ. ಆದರೆ ಅಪ್ಪನ ಸಾವಿನ ಭಾರ ಹೊತ್ತಿದ್ದ ಮಗಳು ಹುಟ್ಟಲೇ ಇಲ್ಲ ಅಂತಾಯಿತು.

ಒಂದೇ ಭೂಮಿ ಅನ್ನೋದು ಮೊದಲ ದಿನದಿಂದಲೇ ಮಾಡುವವರಿಗೆ ಬಹಳ ಒಳ್ಳೆಯ ಆಯ್ಕೆ. ಹೊಸ ಓದುಗ ಏನೂ ಕಲಿಯಬೇಕಿಲ್ಲ, ಸತ್ತವರಿಗೆ ಬದಲಿ ತರೋಕೆ ದಾರಿಯೂ ಇಲ್ಲ. ಆದರೆ ನಡುವೆ ಎದ್ದು ಹಳೆಯದನ್ನೆಲ್ಲ ಒರೆಸಿ ಒಂದು ಮಾಡ್ತೀನಿ ಅಂದರೆ ಆಗೋದಿಲ್ಲ. ಓದುಗರ ನೆನಪನ್ನು ಒರೆಸೋಕೆ ಆಗುತ್ತಾ? ಡಿಸಿಯೇ ಇದಕ್ಕೆ ಸಾಕ್ಷಿ. 1994ರಲ್ಲಿ 'ಝೀರೋ ಅವರ್' ತಂದು ಮತ್ತೆ ರಿಪೇರಿ, 2007ಕ್ಕೆ 52 ಲೋಕಗಳು ವಾಪಸ್, 2011ರಲ್ಲಿ 'ಫ್ಲ್ಯಾಶ್‌ಪಾಯಿಂಟ್' ಮುಗಿಸಿ ರೀಬೂಟ್, ಅಂದರೆ ಪತ್ರಿಕೆಗಳೆಲ್ಲ ಮತ್ತೆ ಒಂದನೇ ಸಂಚಿಕೆಯಿಂದ.

ಕವಲೊಡೆಯುವ ಕಾಲ

ಮಾರ್ವೆಲ್ ಬೇರೆ ದಾರಿ ಹಿಡಿಯಿತು. ಹಿಂದಿನ ಕಾಲಕ್ಕೆ ಹೋಗಿ ಏನಾದರೂ ಬದಲಿಸಿದರೆ ನಿಮ್ಮ ಇವತ್ತು ಬದಲಾಗೋದಿಲ್ಲ, ಅಲ್ಲಿಂದ ಹೊಸ ಲೋಕವೊಂದು ಕವಲೊಡೆಯುತ್ತದೆ. ಪುಸ್ತಕದಲ್ಲಿರೋ ನಿಯಮ ಇದು. ಅವರೇ ಇದನ್ನು ಎಷ್ಟೋ ಸಲ ಮುರಿದಿದ್ದಾರೆ ಅನ್ನೋದು ಬೇರೆ ವಿಷಯ.

ಈ ನಿಯಮದ ರುಚಿ ನೋಡೋಕೆ 1979ರ 'ಮಾರ್ವೆಲ್ ಟೂ-ಇನ್-ಒನ್' 50ನೇ ಸಂಚಿಕೆ ಒಂದೇ ಸಾಕು. ಬರೆದು ಚಿತ್ರಿಸಿದವರು ಜಾನ್ ಬರ್ನ್. ಬೆನ್ ಗ್ರಿಮ್, ಅಂದರೆ ಕಲ್ಲಿನ ಮೈಯ ಥಿಂಗ್. ಅವನ ವಿಜ್ಞಾನಿ ಗೆಳೆಯ ರೀಡ್ ರಿಚರ್ಡ್ಸ್ ಅವನಿಗೊಂದು ಔಷಧ ಮಾಡಿದ್ದಾನೆ. ಆದರೆ ಬೆನ್‌ನ ಮೈ ಇಷ್ಟು ವರ್ಷದಲ್ಲಿ ಗಟ್ಟಿಯಾಗಿಬಿಟ್ಟಿದೆ, ಔಷಧ ಹತ್ತೋದಿಲ್ಲ. ಹಳೇ ದಿನಗಳಲ್ಲಾದರೆ ಹತ್ತುತ್ತಿತ್ತು. ಸರಿ, ಬೆನ್ ಸೀಸೆ ಹಿಡಿದುಕೊಂಡು ಹಿಂದಿನ ಕಾಲಕ್ಕೆ ಹೋಗುತ್ತಾನೆ. ಅಲ್ಲಿರುವ ಹಳೇ ಬೆನ್‌ಗೆ ಇವನ ಮೇಲೆ ನಂಬಿಕೆ ಇಲ್ಲ, ಇಬ್ಬರೂ ಹೊಡೆದಾಡುತ್ತಾರೆ. ಕೊನೆಗೆ ಔಷಧ ಒಳಗೆ ಹೋಗುತ್ತದೆ, ಹಳೇ ಬೆನ್ ಮನುಷ್ಯನಾಗುತ್ತಾನೆ. ಇವನು ಖುಷಿಯಿಂದ ಮನೆಗೆ ಬಂದು ನೋಡಿಕೊಂಡರೆ, ಕೈ ಕಲ್ಲಿನದೇ. ಗುಣವಾದದ್ದು ಇನ್ನೊಂದು ಲೋಕದ ಬೆನ್‌ಗೆ.

ಅಲ್ಲಿಗೇ ಬಿಟ್ಟಿದ್ದರೂ ಚೆನ್ನಾಗಿರುತ್ತಿತ್ತು. ಆದರೆ ಬರ್ನ್ 1983ರಲ್ಲಿ 100ನೇ ಸಂಚಿಕೆ ಬರೆಯುವಾಗ ಬೆನ್‌ನನ್ನು ಅದೇ ಲೋಕಕ್ಕೆ ಮತ್ತೆ ಕಳಿಸಿದರು. ಥಿಂಗ್ ಇಲ್ಲದ ಆ ಲೋಕದಲ್ಲಿ ನ್ಯೂಯಾರ್ಕ್ ಪಾಳು ಬಿದ್ದಿದೆ. ಒಬ್ಬನಿಗೆ ಒಳ್ಳೆಯದು ಮಾಡೋಕೆ ಹೋಗಿದ್ದು ಒಂದು ಊರಿಗೇ ಮುಳುವಾಯಿತು. ಕವಲಿನ ನಿಯಮ ಒಳ್ಳೆಯ ಬರಹಗಾರನ ಕೈಗೆ ಸಿಕ್ಕರೆ ಹೀಗೆ.

ಕೆಟ್ಟ ಕೈಗೆ ಸಿಕ್ಕರೆ? "ಅಯ್ಯೋ ಬಿಡಿ, ಅದು ಬೇರೆ ಕವಲು" ಅಂತ ಜಾರಿಕೊಳ್ಳೋಕೆ ದಾರಿ. ಹಾಗಾಗಿ ಕವಲು ಬಳಸುವವರು ಒಂದು ಕಟ್ಟುಪಾಡು ಹಾಕಿಕೊಳ್ಳಲಿ: ಕವಲಾದ ಲೋಕದ ಸಾಲ ಯಾರಾದರೂ ತೀರಿಸಬೇಕು. 1995ರಲ್ಲಿ ಎಕ್ಸ್-ಮೆನ್ ಬಳಗ ಇದನ್ನು ಚೆನ್ನಾಗಿ ಮಾಡಿತು. ಲೀಜನ್ ಅನ್ನೋ ಹುಡುಗ ಹಿಂದಿನ ಕಾಲಕ್ಕೆ ಹೋಗಿ ಎಕ್ಸ್-ಮೆನ್‌ನ ವೈರಿ ಮ್ಯಾಗ್ನೀಟೋನ ಕೊಲ್ಲೋಕೆ ನೋಡಿ, ತನ್ನ ಅಪ್ಪ, ಎಕ್ಸ್-ಮೆನ್ ಗುರು ಚಾರ್ಲ್ಸ್ ಕ್ಸೇವಿಯರ್‌ನನ್ನೇ ಕೊಂದುಬಿಡುತ್ತಾನೆ. ಆಮೇಲೆ ನಾಲ್ಕು ತಿಂಗಳು ಎಕ್ಸ್-ಮೆನ್ ಪತ್ರಿಕೆಗಳೆಲ್ಲ ಹೆಸರು ಬದಲಿಸಿಕೊಂಡು ಆ ಹಾಳು ಲೋಕದ ಕಥೆಯನ್ನೇ ಹೇಳಿದವು. ಓದುಗ ಮಾಮೂಲಿ ಪತ್ರಿಕೆ ಕೊಳ್ಳೋಕೆ ಅಂಗಡಿಗೆ ಹೋದರೆ ಅದು ಅಲ್ಲಿರಲೇ ಇಲ್ಲ! ಲೋಕ ಹೋಯಿತು ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ.

ಸುಮ್ನೆ ಒಂದು ಕಥೆ

ಎಲ್ಲಕ್ಕಿಂತ ಸುಲಭದ್ದು ಇದು. ನಂಬರ್ ಇಲ್ಲ, ಓಡಾಟ ಇಲ್ಲ. "ಹೀಗಾಗಿದ್ದರೆ?" ಅಂತ ಒಂದು ಕಥೆ ಹೇಳಿ ಮುಗಿಸಿಬಿಡೋದು. ಐವತ್ತು-ಅರವತ್ತರ ದಶಕದ ಸೂಪರ್‌ಮ್ಯಾನ್ ಪತ್ರಿಕೆಗಳು ಇಂಥವನ್ನು ಕಾಲ್ಪನಿಕ ಕಥೆ ಅಂತ ಮೊದಲೇ ಹೇಳಿ ಹಾಕುತ್ತಿದ್ದವು. ಮಾರ್ವೆಲ್ 1977ರಲ್ಲಿ 'ವಾಟ್ ಇಫ್?' ಶುರು ಮಾಡಿತು. ಡಿಸಿ 1989ರಲ್ಲಿ ಬ್ಯಾಟ್‌ಮನ್‌ನನ್ನು ವಿಕ್ಟೋರಿಯಾ ರಾಣಿಯ ಕಾಲಕ್ಕಿಟ್ಟು ಸರಣಿ ಕೊಲೆಗಾರ ಜ್ಯಾಕ್ ದ ರಿಪ್ಪರ್ ಹಿಂದೆ ಬಿಟ್ಟಿತು. ಆಮೇಲೆ ಇಂಥ ಪುಸ್ತಕಗಳಿಗೆ 'ಎಲ್ಸ್‌ವರ್ಲ್ಡ್ಸ್' ಅಂತ ಮುದ್ರೆ ಒತ್ತಿತು.

ಈ ಗುಂಪಿನಲ್ಲಿ ನನಗೆ ಇಷ್ಟವಾದದ್ದು 2003ರ 'ಸೂಪರ್‌ಮ್ಯಾನ್: ರೆಡ್ ಸನ್'. ಬದಲಾಗಿದ್ದು ಒಂದೇ ಸಂಗತಿ. ಮಗುವಿನ ರಾಕೆಟ್ ಅಮೆರಿಕದ ಕ್ಯಾನ್ಸಸ್ ಬದಲು ಸೋವಿಯತ್ ಉಕ್ರೇನ್‌ನ ಸಾಮೂಹಿಕ ಹೊಲದಲ್ಲಿ ಬೀಳುತ್ತದೆ. ಉಳಿದದ್ದೆಲ್ಲ ಅದರಿಂದಲೇ ಹುಟ್ಟಿದ್ದು. ಒಂದು ಎಳೆ ಎಳೆದರೆ ಇಡೀ ಬಟ್ಟೆ ಬೇರೆಯಾಗಬೇಕು. ಹತ್ತು ಎಳೆ ಎಳೆದರೆ ಯಾವುದರಿಂದ ಏನಾಯಿತು ಅಂತ ಓದುಗನಿಗೆ ತಿಳಿಯೋದೇ ಇಲ್ಲ.

ನಮಗಂತೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಂಪ ರಾಮಾಯಣದಲ್ಲಿ ರಾವಣನನ್ನು ಕೊಲ್ಲೋದು ಲಕ್ಷ್ಮಣ. ಇದು ಯಾವ ನಂಬರಿನ ಭೂಮಿ ಅಂತ ಕನ್ನಡದವರು ಯಾರಾದರೂ ಕೇಳಿದ್ದಾರಾ?

ಡಿಸಿಗೆ ಮಾತ್ರ ಸುಮ್ನಿರೋಕೆ ಆಗಲಿಲ್ಲ. 'ರೆಡ್ ಸನ್' ಲೋಕಕ್ಕೆ 30, ಇಂಥದ್ದೇ ಇನ್ನೊಂದು ಕಥೆ 'ಕಿಂಗ್‌ಡಮ್ ಕಮ್' ಲೋಕಕ್ಕೆ 22 ಅಂತ ನಂಬರ್ ಹೊಡೆದು ಪಟ್ಟಿಗೆ ಸೇರಿಸಿತು. ಮುಗಿದ ಕಥೆಯ ಬಾಗಿಲ ಬೀಗವನ್ನು ಮತ್ತೆ ಒಡೆದ ಹಾಗಾಯಿತು. ನೀವು ಈ ಬಗೆ ಆರಿಸಿದರೆ ಮುಗಿಸಿದ್ದನ್ನು ಮುಗಿದದ್ದಾಗಿಯೇ ಬಿಡಿ. ಓದುಗರು ಎರಡನೇ ಭಾಗ ಕೇಳುತ್ತಾರೆ. ಕೇಳಲಿ ಬಿಡಿ.

ಬೇರೆಯೇ ಒಂದು ಸಾಲು

ಈಗ ನನ್ನ ಪಕ್ಷಪಾತ ಶುರು. ವರ್ಷಗಟ್ಟಲೆ ನಡೆಯೋ ಕಥೆಗೆ ಇದಕ್ಕಿಂತ ಒಳ್ಳೆಯ ಬಗೆ ನಾನು ಕಂಡಿಲ್ಲ: ಮುಖ್ಯ ಲೋಕದ ಪಕ್ಕದಲ್ಲಿ ಇನ್ನೊಂದೇ ಒಂದು ಲೋಕ, ಅದಕ್ಕೆ ಅದರದೇ ಪತ್ರಿಕೆಗಳು, ನಡುವೆ ಓಡಾಟ ಇಲ್ಲ.

ಮಾರ್ವೆಲ್ 2000ದಲ್ಲಿ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ತಂದಾಗ ಹೊಸಬರು ಮೊದಲ ಪುಟದಿಂದ ಓದಬಹುದಿತ್ತು. ಬರೆದವರು ಬ್ರಯನ್ ಮೈಕಲ್ ಬೆಂಡಿಸ್, ಚಿತ್ರ ಮಾರ್ಕ್ ಬ್ಯಾಗ್ಲಿ. ಹಳೇ ಸ್ಪೈಡರ್‌ಮ್ಯಾನ್ ಜೊತೆ ಭೇಟಿ ಯಾವಾಗ ಅಂತ ಎಲ್ಲರೂ ಕಾಯುತ್ತಿದ್ದರು. 2005ರಲ್ಲಿ 'ಅಲ್ಟಿಮೇಟ್ ಫೆಂಟಾಸ್ಟಿಕ್ ಫೋರ್' ಪತ್ರಿಕೆಯಲ್ಲಿ ಎರಡು ಲೋಕ ಕೂಡುತ್ತವೆ ಅನ್ನೋ ಹಾಗೆ ಆಸೆ ಹುಟ್ಟಿಸಿದರು. ಅಲ್ಟಿಮೇಟ್ ಲೋಕದ ಹುಡುಗ ರೀಡ್ ರಿಚರ್ಡ್ಸ್ ಬಾಗಿಲು ತೆರೆದು ಆ ಕಡೆ ಕಾಲಿಡುತ್ತಾನೆ. ನೋಡಿದರೆ ಮಾರ್ವೆಲ್ ಹೀರೋಗಳೆಲ್ಲ ಮನುಷ್ಯರನ್ನು ತಿನ್ನುವ ಝಾಂಬಿಗಳಾಗಿರುವ ಲೋಕ ಅದು. ಆಸೆಪಟ್ಟವರಿಗೆ ಇಷ್ಟು ಚಂದದ ತಪರಾಕಿ ಇನ್ನೊಂದಿಲ್ಲ.

2011ರಲ್ಲಿ ಅಲ್ಟಿಮೇಟ್ ಲೋಕದ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್, ಸತ್ತ. ಅವನ ಜಾಗಕ್ಕೆ ಮೈಲ್ಸ್ ಮೊರಾಲಿಸ್ ಬಂದ. ಮುಖ್ಯ ಪತ್ರಿಕೆಯಲ್ಲಿ ಪೀಟರ್ ಸತ್ತರೆ ವರ್ಷದೊಳಗೆ ಎದ್ದು ಬರುತ್ತಾನೆ ಅಂತ ಮಕ್ಕಳಿಗೂ ಗೊತ್ತು. ಇಲ್ಲಿ ಅವನ ಜಾಗ ಖಾಲಿಯಾಯಿತು, ಅದಕ್ಕೇ ಮೈಲ್ಸ್ ಬೆಳೆದ. ಎರಡು ಲೋಕಗಳ ಸ್ಪೈಡರ್‌ಮ್ಯಾನ್‌ಗಳು ಭೇಟಿಯಾಗಿದ್ದು 2012ರಲ್ಲಿ, ಅಂದರೆ ಹನ್ನೆರಡು ವರ್ಷ ಕಾಯಿಸಿದ ಮೇಲೆ. ಹಳೇ ಲೋಕದ ಪೀಟರ್ ಈ ಲೋಕದ ದೊಡ್ಡಮ್ಮ ಮೇ ಮುಂದೆ ಬಂದು ನಿಲ್ಲುತ್ತಾನೆ. ಆಕೆ ತನ್ನ ಪೀಟರ್‌ನನ್ನು ಮಣ್ಣು ಮಾಡಿದವಳು. ಪಕ್ಕದಲ್ಲಿ ಗ್ವೆನ್ ಸ್ಟೇಸಿ ಇದ್ದಾಳೆ. ಅವನ ಲೋಕದ ಗ್ವೆನ್ ಅವನ ಪ್ರೇಯಸಿ, 1973ರಲ್ಲೇ ಹೋದವಳು. ಇಬ್ಬರಿಗೂ ಎದುರಿಗಿರೋದು ತಮ್ಮ ಸತ್ತವರು. ಅವತ್ತು ಹೊಡೆದಾಟ ನಡೆದಿದ್ದು ಯಾರ ಜೊತೆ ಅಂತ ಈಗ ಯಾರಿಗೂ ಮುಖ್ಯವಲ್ಲ. ಈ ಒಂದು ದೃಶ್ಯಕ್ಕೆ ಇಷ್ಟು ತೂಕ ಬಂದದ್ದು ಅದಕ್ಕೆ ಮುಂಚೆ ಬಾಗಿಲು ಅಷ್ಟು ವರ್ಷ ಮುಚ್ಚಿದ್ದರಿಂದ.

ಇದಕ್ಕೂ ಕೆಡುವ ದಾರಿ ಇದೆ. 2013ರಿಂದ ಜೊನಾಥನ್ ಹಿಕ್‌ಮನ್ ಬರೆದ ಕಥೆಯಲ್ಲಿ ಎರಡು ಭೂಮಿಗಳು ಡಿಕ್ಕಿಯಾಗೋಕೆ ಬರುತ್ತವೆ. ಒಂದನ್ನು ನಾಶ ಮಾಡಿದರೆ ಮಾತ್ರ ಇನ್ನೊಂದು ಉಳಿಯುತ್ತದೆ. ಸಮಾನಾಂತರ ಲೋಕಕ್ಕೆ ಬೆಲೆ ಕಟ್ಟಿದ ಅಪರೂಪದ ಕಥೆ ಅದು. 2015ರ 'ಸೀಕ್ರೆಟ್ ವಾರ್ಸ್'ನಲ್ಲಿ ಅಲ್ಟಿಮೇಟ್ ಲೋಕ ಮುಗಿದು ಮೈಲ್ಸ್ ಮುಖ್ಯ ಲೋಕಕ್ಕೆ ಬಂದ. ಅಷ್ಟೇ ಆಗಿದ್ದರೆ ಸರಿ. ಆದರೆ ಅವನ ಸತ್ತ ಅಮ್ಮನೂ ಜೀವಂತವಾಗಿ ಬಂದಳು. ಕಾರಣ ಏನು ಗೊತ್ತಾ? ಅಣುಗಳನ್ನೇ ಬದಲಿಸಬಲ್ಲ ಮಾಲಿಕ್ಯೂಲ್ ಮ್ಯಾನ್ ಹಸಿದಿದ್ದಾಗ ಮೈಲ್ಸ್ ತನ್ನ ಜೇಬಿನಲ್ಲಿದ್ದ ಹಳಸಲು ಬರ್ಗರ್ ಕೊಟ್ಟಿದ್ದ, ಅದರ ಋಣ. ಬರ್ಗರ್‌ಗೆ ಅಮ್ಮ! ನಕ್ಕರೂ ಹೊಟ್ಟೆ ಉರಿಯುತ್ತದೆ. ಮೈಲ್ಸ್ ಅಷ್ಟು ವರ್ಷ ಪಟ್ಟ ದುಃಖ ಏನಾಯಿತು?

ಈ ಬಗೆ ಮತ್ತೆ ಚಾಲ್ತಿಗೆ ಬಂದಿದೆ. 2024ರ ಜನವರಿಯಲ್ಲಿ ಹಿಕ್‌ಮನ್ ಮತ್ತು ಮಾರ್ಕೋ ಕೆಕೆಟ್ಟೋ ಹೊಸ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಶುರು ಮಾಡಿದರು. ಇದರ ಪೀಟರ್‌ಗೆ ಹೆಂಡತಿ ಮಕ್ಕಳಿದ್ದಾರೆ, ಜೇಡ ಕಚ್ಚೋದು ಆಮೇಲೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸಿಯ 'ಆಬ್ಸಲ್ಯೂಟ್ ಬ್ಯಾಟ್‌ಮನ್' ಬಂತು. ಈ ಬ್ರೂಸ್ ವೇನ್ ಹತ್ತಿರ ದುಡ್ಡಿಲ್ಲ, ಬಂಗಲೆ ಇಲ್ಲ, ಅಮ್ಮ ಬದುಕಿದ್ದಾಳೆ. ಎರಡನ್ನೂ ಹಿಂದಿನದೇನೂ ಓದದವರ ಕೈಗೆ ಧೈರ್ಯವಾಗಿ ಕೊಡಬಹುದು.

ಲೆಕ್ಕವಿಲ್ಲದಷ್ಟು ಲೋಕಗಳು

ಸಿನಿಮಾದಿಂದ ಬಂದವರಿಗೆ ಚೆನ್ನಾಗಿ ಗೊತ್ತಿರೋದು ಇದೇ. ಎಲ್ಲ ಸಾಧ್ಯತೆಗೂ ಒಂದು ಲೋಕ, ಬೇಕಾದಾಗ ಬಾಗಿಲು ತೆರೆಯಬಹುದು. 2014ರ 'ಸ್ಪೈಡರ್-ವರ್ಸ್'ನಲ್ಲಿ ನೂರೆಂಟು ಸ್ಪೈಡರ್‌ಗಳು ಬಂದವು. ಗ್ವೆನ್‌ಗೇ ಜೇಡ ಕಚ್ಚಿದ ಲೋಕದ ಸ್ಪೈಡರ್-ಗ್ವೆನ್ ಹುಟ್ಟಿದ್ದು ಆ ಸಂಭ್ರಮದಲ್ಲೇ, ಅವಳು ನಿಜಕ್ಕೂ ಒಳ್ಳೆಯ ಗಳಿಕೆ. 2004ರಲ್ಲಿ ಭಾರತದ ಓದುಗರಿಗೆ ಅಂತ ಮಾಡಿದ್ದ, ಸ್ಪೈಡರ್‌ಮ್ಯಾನ್ ಆದ ಮುಂಬೈ ಹುಡುಗ ಪವಿತ್ರ್ ಪ್ರಭಾಕರ್‌ಗೂ ಇದರಿಂದಲೇ ಮರುಜೀವ ಸಿಕ್ಕಿತು. ನಾಲ್ಕು ಸಂಚಿಕೆಗೆ ಮುಗಿದಿದ್ದ ಹುಡುಗ 2023ರ ಹೊತ್ತಿಗೆ ಬೆಳ್ಳಿತೆರೆ ಮೇಲಿದ್ದ.

ಆದರೆ ಅದೇ ಕಥೆಯಲ್ಲಿ ಎಷ್ಟು ಸ್ಪೈಡರ್‌ಗಳು ಒಂದೊಂದು ಚೌಕಟ್ಟಿಗೆ ಬಂದು ಸತ್ತು ಹೋದರು ಅಂತ ನೋಡಿ. ಹೆಸರು ತಿಳಿಯೋಕೂ ಮುಂಚೆ ಹೆಣ. ಲೋಕಗಳು ಲೆಕ್ಕವಿಲ್ಲದಷ್ಟಿದ್ದರೆ ಒಬ್ಬ ಹೋದರೆ ಇನ್ನೊಬ್ಬ ಇದ್ದೇ ಇರುತ್ತಾನೆ. ಇನ್ನೂ ದೊಡ್ಡ ತೊಂದರೆ ಹೀರೋನ ಆಯ್ಕೆಯದು. ರೈಲಿನಲ್ಲಿರೋರನ್ನು ಉಳಿಸೋದಾ, ಸ್ನೇಹಿತನನ್ನು ಉಳಿಸೋದಾ ಅಂತ ಅವನು ಒದ್ದಾಡುತ್ತಿರುವಾಗ, ಎರಡೂ ಎಲ್ಲೋ ಒಂದು ಕಡೆ ಆಗಿಯೇ ಇದೆ ಅಂತ ಓದುಗನಿಗೆ ಗೊತ್ತಿದ್ದರೆ ಒದ್ದಾಟ ಯಾರಿಗೆ ಬೇಕು?

ಇದನ್ನೇ ಆರಿಸಬೇಕು ಅಂದರೆ ಹಾಸ್ಯಕ್ಕೆ ಬಳಸಿ. ಅದಕ್ಕೆ ಇದು ಹೇಳಿ ಮಾಡಿಸಿದ್ದು.

ಹಾಗಾದರೆ ಯಾವುದನ್ನು ಹಿಡಿಯೋದು?

ನಿಮ್ಮ ಕೈಲಿರೋದು ಮೂವತ್ತು-ನಲವತ್ತು ಪುಟ, ಚಿತ್ರ ಬರೆಯೋರು ಒಬ್ಬರೇ ಸ್ನೇಹಿತರು ಅಂದರೆ ಎರಡನೇ ಮಾತೇ ಬೇಡ. ಒಂದು ಸಂಗತಿ ಮಾತ್ರ ಬದಲಿಸಿ ಒಂದು ಕಥೆ ಬರೆದು ಮುಗಿಸಿ. ಲೋಕಕ್ಕೆ ಹೆಸರೂ ಬೇಡ.

ಧಾರಾವಾಹಿ ಮಾಡುವವರು ಒಂದೇ ಲೋಕದಿಂದ ಶುರು ಮಾಡಿ. ಎರಡನೇ ಲೋಕ ತರೋದಾದರೆ ಮುಖ್ಯ ಕಥೆಯಲ್ಲಿ ಏನನ್ನು ಮಾಡೋಕೆ ನಿಮಗೆ ಧೈರ್ಯ ಇಲ್ಲವೋ ಅದನ್ನು ಅಲ್ಲಿ ಮಾಡೋಕೆ ತನ್ನಿ. ಮದುವೆ, ಮುಪ್ಪು, ಸಾವು, ಸೋಲು. ಖಳನಾಯಕನ ಗಡ್ಡ ಬಿಟ್ಟ ಹೀರೋನ ತೋರಿಸೋಕೆ ಮಾತ್ರ ಆದರೆ ಒಂದು ಸಂಚಿಕೆ ಜಾಸ್ತಿಯಾಯಿತು. ಬಾಗಿಲಿಗೊಂದು ಬೆಲೆ ಇಡಿ. ಹೋದವನು ವಾಪಸ್ ಬರುವಾಗ ಏನಾದರೂ ಬಿಟ್ಟು ಬರಲಿ, ಶಕ್ತಿಯೋ, ವರ್ಷವೋ, ಜೊತೆಗಾರನೋ. ಅಲ್ಲಿಂದ ಸತ್ತವರ ಬದಲಿ ಮಾತ್ರ ತರಬೇಡಿ, ಓದುಗರು ಎಷ್ಟೇ ಗೋಗರೆಯಲಿ.

ಕಾಲಪ್ರಯಾಣ ಇದ್ದರೆ ಕವಲಿನ ನಿಯಮ ಹಾಕಿಕೊಳ್ಳಿ, ಹಾಕಿಕೊಂಡ ಮೇಲೆ ಮುರಿಯಬೇಡಿ. ಮಾರ್ವೆಲ್ ಮುರಿದರೆ ಸಮಜಾಯಿಷಿ ಬರೆಯೋಕೆ ಅವರ ಹತ್ತಿರ ಜನ ಇದ್ದಾರೆ.

ಬರೆಯೋದಿಲ್ಲ, ಬರೀ ಓದುತ್ತೀನಿ ಅನ್ನೋರು 'ಟೂ-ಇನ್-ಒನ್' 50 ಮತ್ತು 100ನ್ನು ಒಂದರ ಹಿಂದೆ ಒಂದು ಓದಿ, ಆಮೇಲೆ 'ರೆಡ್ ಸನ್', ಆಮೇಲೆ ಹಳೇ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಮೊದಲ ಸಂಪುಟ. 'ಕ್ರೈಸಿಸ್' ಕೊನೆಗಿರಲಿ. ಎರಡನೇ ಭೂಮಿಯ ಹೆಲೆನಾ ವೇನ್ ಯಾರು ಅಂತ ತಿಳಿದುಕೊಂಡು ಹೋದರೆ ಅದರ 12ನೇ ಸಂಚಿಕೆ ಇನ್ನೊಂದು ಥರ ಕಾಣುತ್ತದೆ.